ಬ್ರಿಟನ್ನಿನ ಪಕ್ಷಗಳ ದಾಯಾದಿ ಕಲಹ ಮತ್ತು ಪೌಂಡಿನ ಬೆಲೆ

2022ರ ದೀಪಾವಳಿಯ ಲಕ್ಷ್ಮೀಪೂಜೆ ಅಕ್ಟೋಬರ್ 24ರ ಸೋಮವಾರ ಬಂದಿತ್ತು. ವರ್ತಕರು ಹೊಸ ಲೆಕ್ಕದ ಪುಸ್ತಕಗಳಿಗೆ ಅರಿಶಿನ ಕುಂಕುಮ ಹಚ್ಚುವ ಆ ದಿನದೊಳಗೆ ಭಾರತ ಮತ್ತು ಬ್ರಿಟನ್ ನಡುವಣ ಮುಕ್ತ ವ್ಯಾಪಾರ ಒಪ್ಪಂದ ಮುಗಿದಿರಬೇಕೆಂದು ಆರು ತಿಂಗಳ ಹಿಂದೆ ದೆಹಲಿಯಲ್ಲಿ ಮಾತಾಗಿತ್ತು. ಒಪ್ಪಂದ ಮುಗಿಯಲಿಲ್ಲ. ಅಂದು ಲಂಡನ್ನಿನಲ್ಲಿ ಮುಗಿದದ್ದು ಬೇರೆಯೇ ವ್ಯವಹಾರ. ಆಡಳಿತಾರೂಢ ಕನ್ಸರ್ವೇಟಿವ್ ಪಕ್ಷವು ಏಳು ವಾರಗಳ ಅವಧಿಯಲ್ಲಿ ಎರಡನೆಯ ಬಾರಿಗೆ ಹೊಸ ನಾಯಕನನ್ನು ಆರಿಸಿಕೊಂಡಿತು. ಮಾತು ಕೊಟ್ಟಿದ್ದ ಬೋರಿಸ್ ಜಾನ್ಸನ್ ಹೋಗಿಯಾಗಿತ್ತು. ಅವರ ಉತ್ತರಾಧಿಕಾರಿ ಲಿಜ್ ಟ್ರಸ್ ಹೊರಡುವ ಸಿದ್ಧತೆಯಲ್ಲಿದ್ದರು. ರಿಷಿ ಸುನಕ್ ಮರುದಿನ ಪ್ರಧಾನಿಯಾಗಲಿದ್ದರು.

ಆ ಮಾತು ಎಂತಹ ಸಂದರ್ಭದಲ್ಲಿ ಬಂದಿತ್ತು ಎಂಬುದನ್ನು ಗಮನಿಸಿದರೆ ಅಷ್ಟೇನೂ ಆಶ್ಚರ್ಯವಾಗುವುದಿಲ್ಲ. ಜಾನ್ಸನ್ ಅವರು ಗುಜರಾತಿಗೆ ಬಂದಿಳಿದ 2022ರ ಏಪ್ರಿಲ್ 21ರಂದೇ ಲಂಡನ್ನಿನ ಹೌಸ್ ಆಫ್ ಕಾಮನ್ಸ್ ಅವರ ವಿರುದ್ಧದ ದೂರನ್ನು ಹಕ್ಕುಬಾಧ್ಯತಾ ಸಮಿತಿಯ ವಿಚಾರಣೆಗೆ ಒಪ್ಪಿಸಿತ್ತು. ಕೊರೋನಾ ನಿರ್ಬಂಧದ ಕಾಲದಲ್ಲಿ ತಮ್ಮ ಕಚೇರಿಯಲ್ಲೇ ನಡೆದ ಕೂಟಗಳ ಬಗ್ಗೆ ಅವರು ಸದನಕ್ಕೆ ತಪ್ಪು ಮಾಹಿತಿ ನೀಡಿದರೇ ಎಂಬುದು ಪ್ರಶ್ನೆ. ಸ್ವಪಕ್ಷದ ಸಂಸದರೂ ಅದನ್ನು ತಡೆಯಲು ಮತದಾನ ಕೇಳಲಿಲ್ಲ. ಮರುದಿನ, ಏಪ್ರಿಲ್ 22ರಂದು, ದೆಹಲಿಯಲ್ಲಿ ದೀಪಾವಳಿಯ ಗಡುವು ಪ್ರಕಟವಾಯಿತು. ಭಾರತದ ಪತ್ರಿಕೆಗಳ ಮುಖಪುಟದಲ್ಲಿ ಗಡುವು ಬಂದಿತು. ಹಿಂದಿನ ದಿನದ ಲಂಡನ್ ಸುದ್ದಿ ಒಳಪುಟಕ್ಕೆ ಸರಿಯಿತು. ಇಂಗ್ಲೆಂಡಿಗೆ ಸರಕು ಕಳುಹಿಸುವವನು ಓದಬೇಕಾಗಿದ್ದುದು ಆ ಒಳಪುಟವನ್ನು.

ಪ್ರಧಾನಿಯನ್ನು ಆರಿಸುವವರು ಯಾರು

ಬ್ರಿಟನ್ನಿನಲ್ಲಿ 1979ರಿಂದ 2024ರ ಜುಲೈವರೆಗೆ ಹತ್ತು ಮಂದಿ ಪ್ರಧಾನಿಯಾಗಿ ಅಧಿಕಾರ ವಹಿಸಿಕೊಂಡರು. ಅವರಲ್ಲಿ ಸಾರ್ವತ್ರಿಕ ಚುನಾವಣೆಯ ಬಾಗಿಲಿನಿಂದ ಒಳಬಂದವರು ಥ್ಯಾಚರ್, ಬ್ಲೇರ್, ಕ್ಯಾಮರೂನ್ ಮತ್ತು ಸ್ಟಾರ್ಮರ್ ನಾಲ್ವರೇ. ಮೇಜರ್, ಬ್ರೌನ್, ಮೇ, ಜಾನ್ಸನ್, ಟ್ರಸ್ ಮತ್ತು ಸುನಕ್ ಈ ಆರು ಜನರನ್ನು ಮೊದಲು ಆ ಪದವಿಗೆ ಕೂರಿಸಿದ್ದು ಅವರವರ ಪಕ್ಷ. ಭಾರತದಲ್ಲಿ ಪಕ್ಷದೊಳಗಿನ ಭಿನ್ನಮತವೆಂದರೆ ಹೆಚ್ಚಾಗಿ ಟಿಕೆಟ್ ಮತ್ತು ಮಂತ್ರಿಗಿರಿಯ ಗಲಾಟೆ. ಅಲ್ಲಿ ಅದಕ್ಕೆ ಲಿಖಿತ ನಿಯಮಾವಳಿಯಿದೆ, ಚುನಾವಣಾಧಿಕಾರಿಯಿದ್ದಾರೆ, ಮತಪತ್ರವಿದೆ.

ಕನ್ಸರ್ವೇಟಿವ್ ಪಕ್ಷದ ಹಿಂದಿನ ಸಾಲಿನ ಸಂಸದರ ಸಂಘಕ್ಕೆ 1922ರ ಸಮಿತಿ ಎಂದು ಹೆಸರು. ಸ್ಥಾಪನೆಯಾದದ್ದು ಮಾತ್ರ 1923ರಲ್ಲಿ. ನಾಯಕನಲ್ಲಿ ವಿಶ್ವಾಸವಿಲ್ಲವೆಂದು ಸಂಸದರು ಈ ಸಮಿತಿಯ ಅಧ್ಯಕ್ಷರಿಗೆ ಗುಟ್ಟಾಗಿ ಪತ್ರ ಕೊಡಬಹುದು. ಮೇ ಮತ್ತು ಜಾನ್ಸನ್ ಅವರ ಕಾಲದಲ್ಲಿ ಶೇ. 15ರಷ್ಟು ಸಂಸದರ ಪತ್ರ ಸೇರಿದರೆ ವಿಶ್ವಾಸಮತ ನಡೆಸಬೇಕಿತ್ತು. ಎಷ್ಟು ಪತ್ರ ಬಂದಿವೆಯೆಂಬುದು ಅಧ್ಯಕ್ಷರೊಬ್ಬರಿಗೇ ಗೊತ್ತು. ಹೀಗಾಗಿ ತನ್ನ ಕುರ್ಚಿಯ ಆಯುಸ್ಸು ಎಷ್ಟೆಂದು ಪ್ರಧಾನಿಗೇ ತಿಳಿಯದ ವಿಚಿತ್ರ ಸ್ಥಿತಿ. ಥೆರೇಸಾ ಮೇ 2018ರ ಡಿಸೆಂಬರಿನಲ್ಲಿ 200–117 ಮತಗಳಿಂದ ಉಳಿದುಕೊಂಡರು. ಐದು ತಿಂಗಳಲ್ಲಿ ರಾಜೀನಾಮೆ ಘೋಷಿಸಿದರು. ಜಾನ್ಸನ್ 2022ರ ಜೂನ್ 6ರಂದು 211–148ರಿಂದ ಗೆದ್ದರು. ಒಂದು ತಿಂಗಳು ಕಳೆಯುತ್ತಿದ್ದಂತೆ ರಾಜೀನಾಮೆ ಘೋಷಿಸಿದರು. ಗೆದ್ದವರಿಗೆ ಒಂದು ವರ್ಷ ಅಭಯವೆಂಬ ನಿಯಮ ಪುಸ್ತಕದಲ್ಲಿತ್ತು, ಅಷ್ಟೆ.

ಬುಧವಾರ ಮಧ್ಯಾಹ್ನ ಹನ್ನೆರಡರಿಂದ ಅರ್ಧ ಗಂಟೆ ನಡೆಯುವ ಪ್ರಧಾನಿಯ ಪ್ರಶ್ನೋತ್ತರವನ್ನು ದೂರದರ್ಶನದಲ್ಲಿ ನೋಡುವವರಿಗೆ ಎದುರು ಬದುರಾಗಿ ಕುಳಿತ ಇಬ್ಬರು ನಾಯಕರ ವಾಗ್ಯುದ್ಧ ಕಾಣುತ್ತದೆ. ಎದುರಿಗಿರುವವರು ಪ್ರತಿಸ್ಪರ್ಧಿಗಳು, ಶತ್ರುಗಳಿರುವುದು ಬೆನ್ನ ಹಿಂದೆ ಎಂಬುದು ಆ ಸದನದ ಹಳೆಯ ಹಾಸ್ಯ. ಬೆನ್ನ ಹಿಂದೆ ಕುಳಿತ ಸಂಸದರು ವಾರಾಂತ್ಯದಲ್ಲಿ ತಮ್ಮ ಕ್ಷೇತ್ರಕ್ಕೆ ಹೋಗಿ ಜನರ ಅಹವಾಲು ಕೇಳುತ್ತಾರೆ. ಗೃಹಸಾಲದ ಕಂತು ಏರಿತು, ವಿದ್ಯುತ್ ಬಿಲ್ ಕಟ್ಟಲಾಗದೆ ಅಂಗಡಿ ಮುಚ್ಚುತ್ತಿದ್ದೇನೆ ಎಂಬ ದೂರುಗಳನ್ನು ಸಾಲಾಗಿ ಕೇಳಿದ ಮೇಲೆ ಮುಂದಿನ ಚುನಾವಣೆಯಲ್ಲಿ ತಮ್ಮ ಸ್ಥಾನ ಉಳಿಯುವುದೇ ಎಂದು ಲೆಕ್ಕ ಹಾಕುತ್ತಾರೆ. ಸೋಮವಾರ ಪತ್ರ ಬರೆಯುವುದು ಆ ಲೆಕ್ಕ ತಾಳೆಯಾಗದಿದ್ದಾಗ.

ಇಬ್ಬರು ಗೆಳೆಯರು, ಒಂದು ಕುರ್ಚಿ

ಈ ಪೈಪೋಟಿ ವ್ಯಕ್ತಿಗಳ ಹಟದ ಮಾತು, ಅದಕ್ಕೂ ನಾಣ್ಯದ ಬೆಲೆಗೂ ಏನು ಸಂಬಂಧವೆಂದು ಕೇಳಬಹುದು. ಮಾರ್ಗರೆಟ್ ಥ್ಯಾಚರ್ ಅವರ ಪತನದಲ್ಲೂ ಹಣದ ವಿಷಯವೇ ಮುಂದಿತ್ತು. ಅವರ ಹಳೆಯ ಸಹೋದ್ಯೋಗಿ ಜೆಫ್ರಿ ಹೌ ರಾಜೀನಾಮೆ ಕೊಟ್ಟು 1990ರ ನವೆಂಬರ್ 13ರಂದು ಸದನದಲ್ಲಿ ಮಾತನಾಡಿದಾಗ ಕ್ರಿಕೆಟ್ಟಿನ ಉಪಮೆ ತಂದರು. ಯುರೋಪಿನ ಹಣಕಾಸು ಮಾತುಕತೆಗೆ ಹೊರಟ ಬ್ರಿಟಿಷ್ ಹಣಕಾಸು ಸಚಿವರ ಸ್ಥಿತಿ, ಆಟಕ್ಕೆ ಮುನ್ನವೇ ಸ್ವಂತ ನಾಯಕಿಯೇ ಬ್ಯಾಟು ಮುರಿದಿಟ್ಟಂತಿದೆ ಎಂಬುದು ಅವರ ದೂರಿನ ತಾತ್ಪರ್ಯ. ಒಂದು ವಾರದ ಬಳಿಕ ಮೈಕೇಲ್ ಹೆಸೆಲ್ಟೈನ್ ಎದುರು ಥ್ಯಾಚರ್ 204–152 ಮತ ಪಡೆದರು. ಬಹುಮತ ಬಂದರೂ ನಿಯಮ ಕೇಳಿದ ಅಂತರಕ್ಕೆ ನಾಲ್ಕು ಮತ ಕಡಿಮೆಯಾಗಿ, ಅವರು ಹನ್ನೊಂದೂವರೆ ವರ್ಷದ ಅಧಿಕಾರ ಬಿಡಬೇಕಾಯಿತು.

ಇದಕ್ಕಿಂತ ದೀರ್ಘವಾದದ್ದು ಲೇಬರ್ ಪಕ್ಷದ ಟೋನಿ ಬ್ಲೇರ್ ಮತ್ತು ಗಾರ್ಡನ್ ಬ್ರೌನ್ ಅವರ ಕಥೆ. ಇಬ್ಬರೂ 1983ರಲ್ಲಿ ಒಟ್ಟಿಗೆ ಸಂಸತ್ತಿಗೆ ಬಂದವರು, ಒಂದೇ ಕೋಣೆ ಹಂಚಿಕೊಂಡ ಗೆಳೆಯರು. ಪಕ್ಷದ ನಾಯಕ ಜಾನ್ ಸ್ಮಿತ್ 1994ರ ಮೇ 12ರಂದು ಹಠಾತ್ತನೆ ತೀರಿಕೊಂಡಾಗ ಸ್ಥಾನ ಒಂದಿತ್ತು, ಅರ್ಹರು ಇಬ್ಬರಿದ್ದರು. ಅದೇ ಮೇ 31ರಂದು ಉತ್ತರ ಲಂಡನ್ನಿನ ಇಸ್ಲಿಂಗ್ಟನ್ ಬಡಾವಣೆಯ ಗ್ರನಿಟಾ ಎಂಬ ರೆಸ್ಟೋರೆಂಟಿನಲ್ಲಿ ಇಬ್ಬರೂ ಊಟಕ್ಕೆ ಕುಳಿತರು. ಬ್ರೌನ್ ಸ್ಪರ್ಧಿಸುವುದಿಲ್ಲ, ಆರ್ಥಿಕ ನೀತಿ ಅವರ ಕೈಯಲ್ಲಿರುತ್ತದೆ ಎಂಬಷ್ಟು ಎಲ್ಲರಿಗೂ ತಿಳಿಯಿತು. ಬ್ಲೇರ್ ಒಂದು ದಿನ ಕುರ್ಚಿ ಬಿಟ್ಟುಕೊಡುವ ಮಾತು ಎಷ್ಟರಮಟ್ಟಿಗೆ ಆಯಿತೆಂಬುದರ ಬಗ್ಗೆ ಎರಡು ಕಡೆಯವರೂ ಬೇರೆ ಬೇರೆ ವರದಿ ಒಪ್ಪಿಸಿದರು. ಪಾಲುದಾರಿಕೆ ಪತ್ರವನ್ನು ಬರೆದಿಡದೆ ಬಾಯಿಮಾತಿನಲ್ಲೇ ಮುಗಿಸಿದ ಸಂಸ್ಥೆಗಳ ಗತಿ ಏನಾಗುತ್ತದೆಂದು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ.

ಈ ಹಂಚಿಕೆಯಿಂದ ಒಳ್ಳೆಯದೂ ಆಯಿತು. 1997ರ ಮೇ 2ರಂದು ಲೇಬರ್ ಅಧಿಕಾರಕ್ಕೆ ಬಂದ ನಾಲ್ಕೇ ದಿನದಲ್ಲಿ ಬ್ರೌನ್ ಬಡ್ಡಿದರ ನಿಗದಿಯ ಅಧಿಕಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಬಿಟ್ಟುಕೊಟ್ಟರು. ಬಡ್ಡಿದರ ಮಂತ್ರಿಗಳ ಚುನಾವಣಾ ಲೆಕ್ಕಾಚಾರದಿಂದ ಹೊರಬಂದಿತು. ಆದರೆ ಯುರೋ ನಾಣ್ಯದ ಪ್ರಶ್ನೆ ಬಂದಾಗ ಇಬ್ಬರೂ ಎದುರಾದರು. ಬ್ಲೇರ್ ಅವರಿಗೆ ಯುರೋ ಸೇರುವ ಒಲವಿತ್ತು. ಬ್ರೌನ್ ಐದು ಆರ್ಥಿಕ ಪರೀಕ್ಷೆಗಳನ್ನು ಮುಂದಿಟ್ಟರು. ಪಾಸೋ ನಪಾಸೋ ಎಂದು ಹೇಳುವ ಪರೀಕ್ಷಕರೂ ಅವರ ಇಲಾಖೆಯವರೇ. 2003ರ ಜೂನ್ 9ರಂದು ಬಂದ ಫಲಿತಾಂಶ, ಸದ್ಯಕ್ಕೆ ಬೇಡ ಎಂಬುದು. ಆ ಸದ್ಯ ಮುಗಿಯಲೇ ಇಲ್ಲ. ಪೌಂಡ್ ಉಳಿದದ್ದಕ್ಕೆ ಇಬ್ಬರ ಪೈಪೋಟಿಯೊಂದೇ ಕಾರಣವೆನ್ನುವುದು ಅತಿಶಯೋಕ್ತಿ. ಬ್ರಿಟಿಷ್ ಜನತೆಯೂ ಯುರೋ ಪರವಾಗಿರಲಿಲ್ಲ, ಆರ್ಥಿಕ ಕಾರಣಗಳೂ ಬಲವಾಗಿದ್ದವು. ಆದರೂ ಪ್ರಧಾನಿಯ ಒಲವಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುವ ಶಕ್ತಿ ಹಣಕಾಸು ಸಚಿವರಿಗೆ ಬಂದಿದ್ದು 1994ರ ಹಂಚಿಕೆಯಿಂದ. ಜರ್ಮನಿಗೂ ಇಂಗ್ಲೆಂಡಿಗೂ ಸರಕು ಕಳುಹಿಸುವ ಪೀಣ್ಯದ ಉತ್ಪಾದಕನೊಬ್ಬ ಇಂದಿಗೂ ಎರಡು ನಾಣ್ಯಗಳ ಏರಿಳಿತವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುವ ಸ್ಥಿತಿಯ ಒಂದು ಎಳೆ ಅಲ್ಲಿಗೆ ಹೋಗುತ್ತದೆ.

ಬ್ರೌನ್ ಕಡೆಗೂ 2007ರ ಜೂನ್ 27ರಂದು ಪ್ರಧಾನಿಯಾದರು. ಮೂರು ತಿಂಗಳೊಳಗೆ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಠೇವಣಿದಾರರ ಸಾಲು ನಿಂತಿತು. ಹದಿಮೂರು ವರ್ಷ ಕಾದು ಪಡೆದದ್ದನ್ನು ಮೂರು ವರ್ಷ ಅನುಭವಿಸಲಾಗಲಿಲ್ಲ.

ಮೂರು ವಾರದ ತೆರಿಗೆ

2022ರ ಬೇಸಿಗೆಯ ಸ್ಪರ್ಧೆ ಮಾತ್ರ ಇವೆಲ್ಲಕ್ಕಿಂತ ದುಬಾರಿಯಾಯಿತು. ಜುಲೈ 5ರಂದು ಹಣಕಾಸು ಸಚಿವ ಸುನಕ್ ಮತ್ತು ಆರೋಗ್ಯ ಸಚಿವ ಸಾಜಿದ್ ಜಾವಿದ್ ಕೆಲವೇ ನಿಮಿಷಗಳ ಅಂತರದಲ್ಲಿ ರಾಜೀನಾಮೆ ಕೊಟ್ಟರು. ಎರಡು ದಿನಗಳಲ್ಲಿ ಸಚಿವರು, ಉಪಸಚಿವರು, ಸಹಾಯಕರು ಸೇರಿ 50ಕ್ಕೂ ಹೆಚ್ಚು ಮಂದಿ ಹೊರಬಂದರು. ಜಾನ್ಸನ್ ಮಣಿದರು. ಮುಂದಿನ ನಾಯಕನಿಗಾಗಿ ಸಂಸದರು ಐದು ಸುತ್ತು ಮತ ಹಾಕಿದರು. ಕೊನೆಯ ಸುತ್ತಿನಲ್ಲಿ ಸುನಕ್ 137, ಟ್ರಸ್ 113, ಪೆನ್ನಿ ಮೊರ್ಡಂಟ್ 105. ಮೊದಲ ಇಬ್ಬರ ಹೆಸರು ಪಕ್ಷದ ಸಾಮಾನ್ಯ ಸದಸ್ಯರ ಮುಂದೆ ಹೋಯಿತು.

ಮತದಾನದ ಹಕ್ಕಿದ್ದ ಸದಸ್ಯರು ಸುಮಾರು 1.72 ಲಕ್ಷ. ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರದಲ್ಲೇ ಇದಕ್ಕಿಂತ ಹೆಚ್ಚು ಮತದಾರರಿರುವುದುಂಟು. ಇಷ್ಟು ಜನರನ್ನು ಒಲಿಸಲು ಆಗಸ್ಟ್ ತಿಂಗಳಿಡೀ ಊರೂರಿನಲ್ಲಿ ಸಭೆಗಳು ನಡೆದವು. ಹಣದುಬ್ಬರ ಜುಲೈನಲ್ಲಿ ಶೇ. 10.1 ಮುಟ್ಟಿತ್ತು. ತೆರಿಗೆಯನ್ನು ಕೂಡಲೇ ಇಳಿಸುತ್ತೇನೆ ಎಂದು ಟ್ರಸ್ ಹೇಳಿದರು. ಸಾಲ ಮಾಡಿ ತೆರಿಗೆ ಇಳಿಸಿದರೆ ಹಣದುಬ್ಬರವೂ ಬಡ್ಡಿದರವೂ ಏರುತ್ತವೆ ಎಂದು ಸುನಕ್ ಎಚ್ಚರಿಸಿದರು. ಸದಸ್ಯರಿಗೆ ಮೊದಲನೆಯ ಮಾತು ಹಿಡಿಸಿತು. ಟ್ರಸ್ ಅವರಿಗೆ 81,326, ಸುನಕ್ ಅವರಿಗೆ 60,399 ಮತಗಳು.

ಪಕ್ಷದ ಸದಸ್ಯರ ಮುಂದೆ ಗೆಲ್ಲಲು ಆಡಿದ ಮಾತನ್ನು ಸಾಲ ಕೊಡುವವರ ಮುಂದೆ ಉಳಿಸಿಕೊಳ್ಳುವ ಸರದಿ ಈಗ ಬಂದಿತು. ಹಣಕಾಸು ಇಲಾಖೆಯ ಹಳೆಯ ಚಿಂತನೆಯನ್ನು ಮುರಿಯುವುದಾಗಿ ಪ್ರಚಾರದಲ್ಲಿ ಹೇಳಿದ್ದಕ್ಕೆ ತಕ್ಕಂತೆ ಆ ಇಲಾಖೆಯ ಹಿರಿಯ ಕಾರ್ಯದರ್ಶಿ ಟಾಮ್ ಸ್ಕಾಲರ್ ಅವರನ್ನು ತೆಗೆದುಹಾಕಲಾಯಿತು. ಸೆಪ್ಟೆಂಬರ್ 23ರಂದು ಹೊಸ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಸುಮಾರು 45 ಶತಕೋಟಿ ಪೌಂಡುಗಳ ತೆರಿಗೆ ಕಡಿತದ ಕಿರು ಮುಂಗಡಪತ್ರ ಮಂಡಿಸಿದರು. ಆ ಹಣ ಎಲ್ಲಿಂದ ಬರುತ್ತದೆಂಬ ವಿವರವಿರಲಿಲ್ಲ. ಸ್ವತಂತ್ರ ಅಂದಾಜು ಸಂಸ್ಥೆಯ ಮುನ್ನೋಟವೂ ಜೊತೆಗಿರಲಿಲ್ಲ. ಆಯವ್ಯಯ ಪತ್ರವಿಲ್ಲದೆ ಬ್ಯಾಂಕಿಗೆ ಸಾಲದ ಅರ್ಜಿ ಕೊಟ್ಟಂತಾಯಿತು.

ಸೆಪ್ಟೆಂಬರ್ 26ರ ಸೋಮವಾರ ಏಷ್ಯಾದ ಪೇಟೆಗಳು ತೆರೆದಾಗ ಪೌಂಡ್ 1.04 ಡಾಲರಿಗಿಂತಲೂ ಕೆಳಗೆ ಜಾರಿತು. ಮೂವತ್ತು ವರ್ಷದ ಸರ್ಕಾರಿ ಸಾಲಪತ್ರಗಳ ಮೇಲಿನ ಇಳುವರಿ ಶೇ. 5 ದಾಟಿತು. ಸಾಲಪತ್ರಗಳನ್ನು ಅಡವಿಟ್ಟು ವ್ಯವಹರಿಸುತ್ತಿದ್ದ ಪಿಂಚಣಿ ನಿಧಿಗಳು, ಹೆಚ್ಚುವರಿ ಭದ್ರತೆಗೆ ಹಣ ಹೊಂದಿಸಲು ಅದೇ ಸಾಲಪತ್ರಗಳನ್ನು ಮಾರಲು ಧಾವಿಸಿದವು. ಮಾರಿದಷ್ಟೂ ಬೆಲೆ ಕುಸಿಯಿತು. 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಖರೀದಿಗೆ ಇಳಿದು, ಅಕ್ಟೋಬರ್ 14ರ ವೇಳೆಗೆ 19.3 ಶತಕೋಟಿ ಪೌಂಡುಗಳ ಸಾಲಪತ್ರ ಕೊಂಡಿತು. ಎರಡು ವರ್ಷದ ಸ್ಥಿರ ಬಡ್ಡಿಯ ಗೃಹಸಾಲ ಶೇ. 6 ಮೀರಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಅಲ್ಲಿನ ಸಣ್ಣ ಉತ್ಪಾದಕನ ಪಾಡನ್ನು ನೋಡಬೇಕು. ಕಂಪೆನಿ ತೆರಿಗೆ 2023ರ ಏಪ್ರಿಲಿನಿಂದ ಶೇ. 19ರಿಂದ 25ಕ್ಕೆ ಏರುವುದೆಂದು ಆತ ಮೊದಲೇ ಲೆಕ್ಕ ಹಾಕಿಕೊಂಡಿದ್ದ. ಸೆಪ್ಟೆಂಬರ್ 23ರಂದು ಏರಿಕೆ ಇಲ್ಲವೆಂದರು. ಅಕ್ಟೋಬರ್ 14ರಂದು ಏರಿಕೆ ಉಂಟೆಂದರು. ಮೂರು ವಾರದಲ್ಲಿ ದರ ಎರಡು ಬಾರಿ ತಿರುಗಿತು. ಹೊಸ ಯಂತ್ರ ಕೊಳ್ಳುವವನು ಯಾವ ದರ ನಂಬಿ ಲಾಭದ ಅಂದಾಜು ಮಾಡಬೇಕು? ಎರಡನೆಯ ಬಾರಿ ತಿರುಗಿದ ದಿನವೇ ಕ್ವಾರ್ಟೆಂಗ್ ವಾಷಿಂಗ್ಟನ್ನಿನಿಂದ ವಾಪಸಾಗಿ ಹುದ್ದೆ ಕಳೆದುಕೊಂಡರು. ಅವರ ಜಾಗಕ್ಕೆ ಬಂದ ಜೆರೆಮಿ ಹಂಟ್ ಆ ವರ್ಷದ ಜುಲೈ ಆರಂಭದಿಂದ ಲೆಕ್ಕ ಹಿಡಿದರೆ ನಾಲ್ಕನೆಯ ಹಣಕಾಸು ಸಚಿವರು.

ಇತ್ತ ಬೆಂಗಳೂರಿನ ಒಬ್ಬ ಸಿದ್ಧ ಉಡುಪು ರಫ್ತುದಾರನನ್ನು ಊಹಿಸಿಕೊಳ್ಳಬಹುದು. ಪೌಂಡಿಗೆ ₹95 ಎಂದು ಹಿಡಿದು ಆಗಸ್ಟಿನಲ್ಲಿ 40,000 ಪೌಂಡುಗಳ ಆರ್ಡರ್ ಒಪ್ಪಿಕೊಂಡಿದ್ದಾನೆ. ಬರಬೇಕಾದದ್ದು ₹38 ಲಕ್ಷ, ನಿವ್ವಳ ಲಾಭ ಶೇ. 6ರಂತೆ ₹2.28 ಲಕ್ಷ. ವರ್ಷದ ಆರಂಭದಲ್ಲಿ ₹100ರ ಆಸುಪಾಸಿನಲ್ಲಿದ್ದ ಪೌಂಡ್ ಸೆಪ್ಟೆಂಬರ್ ಕೊನೆಯ ವಾರದಲ್ಲಿ ₹90ಕ್ಕಿಂತ ಕೆಳಗಿಳಿದಿತ್ತು. ₹88ರಂತೆ ಹಣ ಕೈಸೇರಿದರೆ ₹35.20 ಲಕ್ಷ. ಲಾಭ ಹೋಗಿ, ಮೇಲೆ ₹52,000 ಕೈಯಿಂದ ಬಿದ್ದಿತು. ಬಟ್ಟೆ, ನೂಲು, ಗುಂಡಿ, ಹೊಲಿಗೆ, ಸಾಗಣೆ ಯಾವುದರಲ್ಲೂ ಆತ ತಪ್ಪಿಲ್ಲ. ಬ್ಯಾಂಕಿನೊಡನೆ ಫಾರ್ವರ್ಡ್ ಕರಾರು ಮಾಡಿಕೊಂಡಿದ್ದವನು ಬಚಾವಾದ. ಡಿಸೆಂಬರಿನ ವೇಳೆಗೆ ಪೌಂಡ್ ಮತ್ತೆ ₹100ರ ಸಮೀಪಕ್ಕೆ ಬಂದಿತಾದರೂ, ನೌಕರರ ಸಂಬಳಕ್ಕೆ ಸೆಪ್ಟೆಂಬರಿನಲ್ಲೇ ಹಣ ಬೇಕಾಗಿದ್ದ ಸಣ್ಣ ಘಟಕಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ದೀಪಾವಳಿ ಕಳೆದ ಮೇಲೆ

ಅಕ್ಟೋಬರ್ 20ರಂದು ಟ್ರಸ್ ರಾಜೀನಾಮೆ ಘೋಷಿಸಿದರು. ಈ ಬಾರಿ ಪಕ್ಷದ ಹಿರಿಯರು ಎಚ್ಚರ ವಹಿಸಿದ್ದರು. ಸ್ಪರ್ಧಿಸಲು 100 ಸಂಸದರ ಸಹಿ ಬೇಕೆಂಬ ಷರತ್ತು ಬಂದಿತು. ರಜೆಯ ಪ್ರವಾಸದಿಂದ ಓಡಿಬಂದಿದ್ದ ಜಾನ್ಸನ್ ಭಾನುವಾರ ರಾತ್ರಿ ಹಿಂದೆ ಸರಿದರು, ಮೊರ್ಡಂಟ್ ಸೋಮವಾರ ಮಧ್ಯಾಹ್ನ. ಸಾಮಾನ್ಯ ಸದಸ್ಯರನ್ನು ಕೇಳುವ ಪ್ರಮೇಯವೇ ಬರಲಿಲ್ಲ.

ಸುನಕ್ 2009ರಲ್ಲಿ ಬೆಂಗಳೂರಿನಲ್ಲಿ ಮದುವೆಯಾದವರು, ಎನ್. ಆರ್. ನಾರಾಯಣಮೂರ್ತಿ ಅವರ ಅಳಿಯ. ಕರ್ನಾಟಕದಲ್ಲಿ ಸಂಭ್ರಮವೂ, ಇನ್ನೇನು ಒಪ್ಪಂದ ಆಗಿಯೇ ಬಿಟ್ಟಿತೆಂಬ ನಿರೀಕ್ಷೆಯೂ ಹುಟ್ಟಿದ್ದು ಸಹಜ. ಸುಂಕದ ಪಟ್ಟಿಯಲ್ಲಿ ಬೀಗತನಕ್ಕೆ ಕಲಂ ಇಲ್ಲ. ಭಾರತ ಕೇಳುತ್ತಿದ್ದುದರಲ್ಲಿ ನುರಿತ ನೌಕರರ ಓಡಾಟಕ್ಕೆ ಅನುಕೂಲವೂ ಒಂದು. ಅವರ ಪಕ್ಷದೊಳಗಿನ ಜಗಳಕ್ಕೆ ಮುಖ್ಯ ಕಾರಣ ವಲಸೆ. ಗೃಹ ಸಚಿವೆ ಸುಯೆಲ್ಲಾ ಬ್ರೇವರ್‌ಮನ್ ಅದೇ ಅಕ್ಟೋಬರ್ ಆರಂಭದಲ್ಲಿ, ವೀಸಾ ಅವಧಿ ಮೀರಿ ಉಳಿಯುವವರಲ್ಲಿ ಭಾರತೀಯರೇ ಹೆಚ್ಚೆಂದು ಹೇಳಿ ಒಪ್ಪಂದದ ಬಗ್ಗೆ ಅಳುಕು ತೋರಿಸಿದ್ದರು. 19ರಂದು ರಾಜೀನಾಮೆ ಕೊಟ್ಟಿದ್ದ ಅವರನ್ನು ಸುನಕ್ ಆರೇ ದಿನಗಳಲ್ಲಿ ಅದೇ ಖಾತೆಗೆ ಮರಳಿ ತಂದರು. ನಾಯಕತ್ವದ ಸ್ಪರ್ಧೆಯಲ್ಲಿ ಅವರು ಸುನಕ್ ಅವರನ್ನು ಬೆಂಬಲಿಸಿದ್ದರು. ಪಕ್ಷ ಹಿಡಿದಿಡಬೇಕಾದ ನಾಯಕನ ಕೈಕಟ್ಟು ಹೀಗಿರುತ್ತದೆ. ಮಾತುಕತೆ ಸುತ್ತು ಸುತ್ತಾಗಿ ನಡೆದು, ಹದಿನಾಲ್ಕನೆಯ ಸುತ್ತು ಮುಗಿಯುವ ಮೊದಲೇ 2024ರಲ್ಲಿ ಎರಡೂ ದೇಶಗಳಿಗೆ ಚುನಾವಣೆ ಬಂದಿತು.

ಜುಲೈ 4ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 121 ಸ್ಥಾನಕ್ಕೆ ಕುಸಿಯಿತು. ಲೇಬರ್ 411 ಗೆದ್ದು ಕೀರ್ ಸ್ಟಾರ್ಮರ್ ಪ್ರಧಾನಿಯಾದರು. 2025ರ ಫೆಬ್ರವರಿ 24ರಂದು ದೆಹಲಿಯಲ್ಲಿ ಮಾತುಕತೆ ಪುನರಾರಂಭವಾಗಿ ಮೇ 6ರಂದು ಮುಗಿಯಿತು. ಏಪ್ರಿಲಿನ ಅಮೆರಿಕದ ಸುಂಕಗಳು ಎರಡೂ ರಾಜಧಾನಿಗಳನ್ನು ಅವಸರಪಡಿಸಿದ್ದು ನಿಜ. ಆದರೂ ಮೂರು ವರ್ಷ ಮುಗಿಯದ ಮಾತು ಸುಮಾರು ಹತ್ತು ವಾರದಲ್ಲಿ ಮುಗಿಯಲು ಸದನದಲ್ಲಿದ್ದ ಆ ಬಹುಮತವೂ ಕಾರಣ. ಭಾರತದ ಶೇ. 99ರಷ್ಟು ಸರಕು ಶೀರ್ಷಿಕೆಗಳಿಗೆ ಬ್ರಿಟನ್ನಿನಲ್ಲಿ ಸುಂಕ ವಿನಾಯಿತಿ ದೊರೆಯಿತು. ಸ್ಕಾಚ್ ವಿಸ್ಕಿಯ ಮೇಲಿನ ಭಾರತದ ಶೇ. 150ರ ಸುಂಕ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯುವುದೆಂದು ಒಪ್ಪಲಾಯಿತು. ಸಿದ್ಧ ಉಡುಪಿನಲ್ಲಿ ಸುಂಕವಿಲ್ಲದೆ ಅಲ್ಲಿಗೆ ಹೋಗುತ್ತಿದ್ದ ಬಾಂಗ್ಲಾದೇಶದ ಸರಕಿನೆದುರು ಸರಿಸಮನಾಗಿ ನಿಲ್ಲುವ ದಾರಿ ಭಾರತದ ಹೊಲಿಗೆ ಘಟಕಗಳಿಗೆ ತೆರೆಯಿತು.

ಗದ್ದಲ ಎದ್ದದ್ದು ಸುಂಕದ ಬಗ್ಗೆ ಅಲ್ಲ. ತಾತ್ಕಾಲಿಕವಾಗಿ ಬ್ರಿಟನ್ನಿಗೆ ಕಳುಹಿಸಲಾಗುವ ಭಾರತೀಯ ನೌಕರರಿಗೂ ಅವರ ಸಂಸ್ಥೆಗಳಿಗೂ ಅಲ್ಲಿನ ರಾಷ್ಟ್ರೀಯ ವಿಮಾ ವಂತಿಗೆಯಿಂದ ಮೂರು ವರ್ಷ ವಿನಾಯಿತಿ ನೀಡುವ ಜೊತೆ ಒಪ್ಪಂದವೊಂದಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳು ಬಹುಕಾಲದಿಂದ ಕೇಳುತ್ತಿದ್ದ ಸೌಲಭ್ಯ. ಕನ್ಸರ್ವೇಟಿವ್ ನಾಯಕಿ ಕೆಮಿ ಬೇಡ್‌ನಾಕ್ ಇದನ್ನು ಎರಡು ಬಗೆಯ ತೆರಿಗೆಯೆಂದು ಟೀಕಿಸಿದರು. ವ್ಯಾಪಾರ ಸಚಿವೆಯಾಗಿ 2022ರ ಸೆಪ್ಟೆಂಬರಿನಿಂದ 2024ರ ಜುಲೈವರೆಗೆ ಇದೇ ಮಾತುಕತೆಯ ಹೊಣೆ ಹೊತ್ತಿದ್ದವರು ಅವರು. ಒಪ್ಪಂದಕ್ಕೆ ಐದು ದಿನ ಮೊದಲಷ್ಟೇ ನಡೆದ ಸ್ಥಳೀಯ ಚುನಾವಣೆಯಲ್ಲಿ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ 10 ಕೌನ್ಸಿಲುಗಳನ್ನು ಗೆದ್ದು ಅವರ ಪಕ್ಷದ ಬುಡ ಅಲುಗಿಸಿತ್ತು. ಅಮೆರಿಕ, ದಕ್ಷಿಣ ಕೊರಿಯಾ ಮೊದಲಾದ ದೇಶಗಳೊಡನೆ ಇಂತಹ ಏರ್ಪಾಡು ಹಿಂದಿನಿಂದಲೂ ಇದೆಯೆಂದು ಸರ್ಕಾರ ಉತ್ತರಿಸಿತು.

2025ರ ಜುಲೈ 24ರಂದು ಸಹಿ ಬಿದ್ದಿತು. ಭಾರತದ ಪರವಾಗಿ ಸಹಿ ಹಾಕಿದವರು 2022ರ ಜನವರಿ 13ರಂದು ಮಾತುಕತೆಗೆ ಚಾಲನೆ ಕೊಟ್ಟಿದ್ದ ಪೀಯೂಷ್ ಗೋಯಲ್ ಅವರೇ. ಅಂದು ಅವರೆದುರು ಕುಳಿತಿದ್ದವರು ಆನ್-ಮರೀ ಟ್ರೆವೆಲ್ಯನ್. ನಡುವೆ ಬೇಡ್‌ನಾಕ್ ಬಂದು ಹೋದರು. ಸಹಿ ಹಾಕಿದವರು ಮೂರನೆಯವರಾದ ಜೊನಾಥನ್ ರೆನಾಲ್ಡ್ಸ್. ಆರು ವಾರ ಕಳೆದು ಸೆಪ್ಟೆಂಬರ್ 5ರಂದು ಲೇಬರ್ ಪಕ್ಷದ ಉಪನಾಯಕಿ ಏಂಜೆಲಾ ರೇನರ್ ಮನೆ ಖರೀದಿಯ ಮುದ್ರಾಂಕ ತೆರಿಗೆಯನ್ನು ಕಡಿಮೆ ಕಟ್ಟಿದ ವಿವಾದದಲ್ಲಿ ರಾಜೀನಾಮೆ ಕೊಟ್ಟರು. ಅದರ ಬೆನ್ನಿಗೆ ನಡೆದ ಖಾತೆ ಬದಲಾವಣೆಯಲ್ಲಿ ವ್ಯಾಪಾರ ಖಾತೆ ಪೀಟರ್ ಕೈಲ್ ಅವರಿಗೆ ಹೋಯಿತು. ರೆನಾಲ್ಡ್ಸ್ ಅವರನ್ನು ಸ್ವಪಕ್ಷದ ಸಂಸದರನ್ನು ಸಾಲು ತಪ್ಪದಂತೆ ನೋಡಿಕೊಳ್ಳುವ ಮುಖ್ಯ ಸಚೇತಕರ ಕೆಲಸಕ್ಕೆ ಹಾಕಲಾಯಿತು.